ಹನ್ನೊಂದು ತಿಂಗಳು ಮೊದಲೇ ಕ್ರೂಸ್ ಬುಕ್ ಮಾಡಿದರೆ ಯಾವ ಇನ್ಶೂರೆನ್ಸ್? ನಮ್ಮ ಕುಟುಂಬದವರೇ ತೂಗಿ ನೋಡಿದ ನಾಲ್ಕು ದಾರಿ

2023ರ ಆಗಸ್ಟ್‌ನಲ್ಲಿ ನಮ್ಮ ಅತ್ತೆ ಹಿತ್ತಲಿನ ಪಾಚಿ ಕಟ್ಟಿದ ಮೆಟ್ಟಿಲ ಮೇಲೆ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಮಡಿಕೇರಿಯಿಂದ ಮೈಸೂರಿಗೆ ಆಂಬುಲೆನ್ಸ್‌ನಲ್ಲಿ ಕರೆದುಕೊಂಡು ಹೋಗಿ, ಆಪರೇಷನ್ ಮುಗಿದು, ವಾರ್ಡಿನ ಹೊರಗೆ ಬೆಂಚಿನ ಮೇಲೆ ಕೂತಾಗ ನೆನಪಾಯಿತು: ಇನ್ನು 38 ದಿನಕ್ಕೆ ಸಿಂಗಾಪುರದಿಂದ ಹೊರಡುವ ಹಡಗಿನಲ್ಲಿ ನನಗೂ ಯಜಮಾನರಿಗೂ ಕ್ಯಾಬಿನ್ ಬುಕ್ ಆಗಿದೆ. ವಿಮಾನದ ಟಿಕೆಟ್ಟೂ ಸೇರಿ ₹2,36,000 ಕಟ್ಟಿಯಾಗಿತ್ತು. "ಇನ್ಶೂರೆನ್ಸ್ ಪ್ಯಾಕೇಜಿನಲ್ಲೇ ಇದೆ" ಎಂದು ಏಜೆಂಟರು ಹತ್ತು ತಿಂಗಳ ಹಿಂದೆ ಹೇಳಿದ್ದರು, ನಾವೂ ನಿಶ್ಚಿಂತೆಯಿಂದ ಇದ್ದೆವು. ಫೋನ್ ಮಾಡಿದಾಗ ತಿಳಿದದ್ದು, ಅವರು ಪಾಲಿಸಿ ತೆಗೆಯುವುದೇ ಹೊರಡುವುದಕ್ಕೆ ಒಂದು ವಾರ ಮೊದಲು. ಅತ್ತೆ ಬಿದ್ದ ದಿನ ನಮ್ಮ ಹೆಸರಿನಲ್ಲಿ ಯಾವ ಪಾಲಿಸಿಯೂ ಇರಲಿಲ್ಲ. ಬಿದ್ದ ಮೇಲೆ ತೆಗೆದರೆ, ಆಗಲೇ ಆಗಿಹೋದ ಘಟನೆಗೆ ಯಾರೂ ಹಣ ಕೊಡುವುದಿಲ್ಲ. ವಾಪಸ್ ಬಂದದ್ದು ₹58,000.

ಆ ₹1,78,000 ನಷ್ಟ ನನಗೆ ಕಲಿಸಿದ್ದು ಇಷ್ಟು. ಹೊರಡುವ ಹಿಂದಿನ ವಾರ ಬುಕ್ ಮಾಡುವವರಿಗೆ ಇನ್ಶೂರೆನ್ಸ್ ಎಂದರೆ ಅಲ್ಲಿ ಹೋದಮೇಲೆ ಆಸ್ಪತ್ರೆ ಸೇರಿದರೆ ಏನು ಎನ್ನುವ ಪ್ರಶ್ನೆ. ಒಂದು ವರ್ಷ ಮೊದಲೇ ಬುಕ್ ಮಾಡುವವರಿಗೆ ಅಪಾಯವೆಲ್ಲ ಇರುವುದು ಮನೆಯಲ್ಲಿ, ಈ ವರ್ಷದೊಳಗೆ. ಹಡಗಿನಲ್ಲಿ ಕಳೆಯುವುದು ಏಳು ದಿನ, ಕಾಯುವುದು ಮುನ್ನೂರು ದಿನ. ಹೀಗಿದ್ದೂ ಯಾವ ವೆಬ್‌ಸೈಟ್ ತೆರೆದರೂ ದೊಡ್ಡ ಅಕ್ಷರದಲ್ಲಿ ಕಾಣುವುದು ಮೆಡಿಕಲ್ ಕವರ್ ಎಷ್ಟು ಲಕ್ಷ ಡಾಲರ್ ಎಂಬುದೇ. ಪ್ರಯಾಣ ರದ್ದಾದರೆ ಎಷ್ಟು, ಯಾವ ದಿನದಿಂದ, ಯಾರಿಗೆ ಹುಷಾರಿಲ್ಲದಿದ್ದರೆ ಎಂಬುದು ಒಳಗೆಲ್ಲೋ ಮೂವತ್ತನೇ ಪುಟದಲ್ಲಿ.

ಅತ್ತೆ ಚೇತರಿಸಿಕೊಂಡು ವಾಕರ್ ಹಿಡಿದು ಓಡಾಡತೊಡಗಿದ ಮೇಲೆ, 2024ರ ಜೂನ್‌ನಲ್ಲಿ ಮತ್ತೆ ಧೈರ್ಯ ಮಾಡಿದೆವು. ಈ ಬಾರಿ ಅಲಾಸ್ಕ. ವ್ಯಾಂಕೂವರ್‌ನಿಂದ ಏಳು ರಾತ್ರಿ, ಮರುವರ್ಷದ ಮೇ ಕೊನೆಯ ವಾರ. ಇಷ್ಟು ಮುಂಚೆ ಯಾಕೆ ಎಂದು ಕೇಳಿದವರಿದ್ದಾರೆ. ಕಾಫಿ ತೋಟ ಇರುವವರಿಗೆ ಗೊತ್ತು: ನವೆಂಬರ್‌ನಿಂದ ಅರೇಬಿಕಾ ಕೊಯ್ಲು, ಅದು ಮುಗಿಯುವಷ್ಟರಲ್ಲಿ ರೊಬಸ್ಟಾ, ಮಾರ್ಚ್ ಬಂದರೆ ಹೂಮಳೆಗೆ ಕಾಯುವುದು, ಮಳೆ ಬಾರದಿದ್ದರೆ ಸ್ಪ್ರಿಂಕ್ಲರ್ ಎಳೆಯುವುದು. ಜೂನ್‌ಗೆ ಮಳೆಗಾಲ. ನಮಗೆ ಬಿಡುವೆಂದರೆ ಮೇ ತಿಂಗಳೊಂದೇ, ಅಲಾಸ್ಕಕ್ಕೆ ಹಡಗುಗಳು ಓಡಾಡಲು ಶುರುವಾಗುವುದೂ ಅದೇ ಹೊತ್ತಿಗೆ. ಬೇಕಾದ ವಾರ ಬೇಕಾದ ಕ್ಯಾಬಿನ್ ಸಿಗಬೇಕಾದರೆ ಮುಂಚೆಯೇ ಹಿಡಿಯಬೇಕು.

ಒಟ್ಟು ಆರು ಜನ. ನಾವಿಬ್ಬರು, ನಾದಿನಿ ಮತ್ತು ಅವಳ ಗಂಡ, ಕ್ಯಾಲಿಫೋರ್ನಿಯಾದಲ್ಲಿ ಕೆಲಸದಲ್ಲಿರುವ ಅವರ ಮಗ, ಸೊಸೆ. ಒಂದೇ ಹಡಗು, ಮೂರು ಕ್ಯಾಬಿನ್, ಇನ್ಶೂರೆನ್ಸ್ ಮಾತ್ರ ಬೇರೆಬೇರೆ. ಹೀಗಾಗಿ ಹೋಲಿಸಿ ನೋಡುವ ಅವಕಾಶ ತಾನಾಗಿಯೇ ಸಿಕ್ಕಿತು.

ಮೊದಲನೆಯದು ಹಡಗು ಕಂಪನಿಯೇ ಬುಕಿಂಗ್ ಪುಟದಲ್ಲಿ ಮಾರುವ ರಕ್ಷಣೆ. ಒಂದು ಟಿಕ್ ಹಾಕಿದರೆ ಮುಗಿಯಿತು, ಅಷ್ಟು ಸುಲಭ. ನಮ್ಮ ವಿಳಾಸ ಭಾರತ ಎಂದು ಹಾಕಿದ ಕೂಡಲೇ ಆ ಸಾಲೇ ಪುಟದಿಂದ ಮಾಯವಾಯಿತು. ಅಮೆರಿಕದ ವಿಳಾಸವಿದ್ದ ನಾದಿನಿಯ ಮಗನಿಗೆ ಕಾಣಿಸುತ್ತಿತ್ತು. ಅವನು ಪೂರ್ತಿ ಓದಿ ಬೇಡವೆಂದ. ಯಾವ ಕಾರಣಕ್ಕೆ ರದ್ದು ಮಾಡಿದರೂ ಪರಿಹಾರವಿದೆ, ಆದರೆ ಪಟ್ಟಿಯಲ್ಲಿಲ್ಲದ ಕಾರಣವಾದರೆ ಬರುವುದು ನಗದಲ್ಲ, ಮುಂದೆ ಅದೇ ಕಂಪನಿಯ ಹಡಗಿನಲ್ಲಿ ಬಳಸಿಕೊಳ್ಳುವ ಕ್ರೆಡಿಟ್. ಅವರಲ್ಲಿ ಖರೀದಿಸದ ವಿಮಾನದ ಟಿಕೆಟ್ಟಿಗೆ ಅದು ಅನ್ವಯಿಸುವುದಿಲ್ಲ. ಮೆಡಿಕಲ್ ಮಿತಿಯೂ ಕಡಿಮೆ. ಪ್ರತಿವರ್ಷ ಹಡಗು ಹತ್ತುವವರಿಗೆ ಆ ಕ್ರೆಡಿಟ್ ಹಣಕ್ಕೆ ಸಮವಾಗಬಹುದು. ಹತ್ತು ವರ್ಷಕ್ಕೊಮ್ಮೆ ಹೋಗುವ ನಮ್ಮಂಥವರಿಗೆ ಅದರಿಂದ ಏನೂ ಆಗುವುದಿಲ್ಲ.

ಅವನು ತೆಗೆದುಕೊಂಡದ್ದು ಅಲ್ಲಿನದೇ ಬೇರೆ ಕಂಪನಿಯ ಪಾಲಿಸಿ, "ಯಾವುದೇ ಕಾರಣಕ್ಕೆ ರದ್ದು" ಎಂಬ ಹೆಚ್ಚುವರಿ ಸೌಲಭ್ಯದೊಂದಿಗೆ. ಅಮೆರಿಕದಲ್ಲಿ ಇದನ್ನು ಮೊದಲ ಅಡ್ವಾನ್ಸ್ ಕಟ್ಟಿದ ಎರಡು ಮೂರು ವಾರದೊಳಗೆ ತೆಗೆಯಬೇಕು, ತಡವಾದರೆ ಸಿಗುವುದಿಲ್ಲ. ಅವನು ಒಂಬತ್ತನೇ ದಿನವೇ ತೆಗೆದ. ಏಪ್ರಿಲ್ ಮಧ್ಯದಲ್ಲಿ, ಇನ್ನು 40 ದಿನ ಇರುವಾಗ, ಆಫೀಸಿನಲ್ಲಿ ಅವನ ರಜೆ ರದ್ದಾಯಿತು. "ಅತ್ತೆ, ನಾವು ಬರೋದಿಲ್ಲ" ಎಂದು ಫೋನ್ ಮಾಡಿದಾಗ ಬೇಜಾರಾಯಿತು. ಲೆಕ್ಕ ಮಾತ್ರ ಸ್ಪಷ್ಟವಾಗಿತ್ತು: ಕ್ಯಾಬಿನ್ನಿಗೆ ಕಟ್ಟಿದ್ದು 3,200 ಡಾಲರ್, ಹಡಗಿನವರು ಹಿಡಿದುಕೊಂಡದ್ದು ಮುಕ್ಕಾಲು ಪಾಲು ಅಂದರೆ 2,400, ಅದರಲ್ಲಿ ಮುಕ್ಕಾಲು ಪಾಲು 1,800 ಇನ್ಶೂರೆನ್ಸ್‌ನಿಂದ ಬಂತು. ಕಾರಣ ಯಾರೂ ಕೇಳಲಿಲ್ಲ. ಮುಂಚಿತ ಬುಕಿಂಗ್‌ಗೆ ನಾನು ನೋಡಿದ್ದರಲ್ಲಿ ಇದೇ ಎಲ್ಲಕ್ಕಿಂತ ಗಟ್ಟಿ. ಪ್ರೀಮಿಯಂ ದುಬಾರಿ, ಅವನಿಗೆ 290 ಡಾಲರ್ ಆಯಿತು. ಮಕ್ಕಳು ಅಲ್ಲಿದ್ದಾರೆಂದು ಅವರ ಮೂಲಕ ನಾವು ತೆಗೆಯುವಂತಿಲ್ಲ. ಅಲ್ಲಿನ ನಿವಾಸಿಗಳಿಗೆ ಮಾತ್ರ ಎಂದು ಪಾಲಿಸಿಯಲ್ಲೇ ಬರೆದಿತ್ತು.

ನಾದಿನಿಯ ಗಂಡ ನೆಚ್ಚಿಕೊಂಡದ್ದು ತಮ್ಮ ಕ್ರೆಡಿಟ್ ಕಾರ್ಡಿನ ಜೊತೆ ಉಚಿತವಾಗಿ ಬಂದಿದ್ದ ಇನ್ಶೂರೆನ್ಸನ್ನು. ವ್ಯಾಂಕೂವರ್‌ನಲ್ಲಿ ಅವರ ಒಂದು ಸೂಟ್‌ಕೇಸ್ ಮಾರನೇ ದಿನ ಬಂತು, ಸ್ವೆಟರ್, ಜಾಕೆಟ್ ಎಲ್ಲ ಅದರಲ್ಲೇ. ಕೊಂಡ ಬಟ್ಟೆಯ ಬಿಲ್ ಕಳಿಸಿದರೆ ಕ್ಲೈಮ್ ತಿರಸ್ಕಾರ. ಟಿಕೆಟ್ಟನ್ನು ಅದೇ ಕಾರ್ಡಿನಿಂದ ಕೊಂಡಿರಬೇಕಿತ್ತು, ಇವರು ಬ್ಯಾಂಕ್ ಖಾತೆಯಿಂದ ನೇರ ಕಟ್ಟಿದ್ದರು. ರಕ್ಷಣೆ ಕಾರ್ಡ್ ಯಾರ ಹೆಸರಿನಲ್ಲಿದೆಯೋ ಅವರಿಗೆ ಮಾತ್ರ, ನಾದಿನಿಗೆ ಇರಲೇ ಇಲ್ಲ. ಪ್ರಯಾಣ ರದ್ದಾದರೆ ಪರಿಹಾರ ಎಂಬ ಮಾತೂ ಅದರಲ್ಲಿಲ್ಲ. ಒಂದು ವರ್ಷ ಮುಂಚೆ ಬುಕ್ ಮಾಡುವವರು ಇದನ್ನು ಲೆಕ್ಕಕ್ಕೇ ಹಿಡಿಯಬಾರದು. ಪುಣ್ಯಕ್ಕೆ, ಹೊರಡುವ ಮೊದಲು ಅವರು ಬೇರೊಂದು ಅಗ್ಗದ ಪಾಲಿಸಿಯನ್ನೂ ತೆಗೆಯುವುದರಲ್ಲಿದ್ದರು. ಅದರ ಮೊದಲ ಪುಟದಲ್ಲಿ "ಅಮೆರಿಕ, ಕೆನಡಾ ಹೊರತುಪಡಿಸಿ" ಎಂದಿದ್ದದ್ದು ನನ್ನ ಕಣ್ಣಿಗೆ ಬಿತ್ತು. ಅಲಾಸ್ಕ ಅಮೆರಿಕದ ರಾಜ್ಯ, ಹಡಗು ಹೊರಡುವುದು ಕೆನಡಾದಿಂದ. ಬದಲಾಯಿಸಿದರು.

ಇನ್ನು ನಾವು ತೆಗೆದದ್ದು, ಭಾರತದ ಕಂಪನಿಯ ವಿದೇಶ ಪ್ರಯಾಣ ಪಾಲಿಸಿ. ಇದರ ಬಗ್ಗೆ ವಿವರವಾಗಿ ಹೇಳಬೇಕು, ಯಾಕೆಂದರೆ ಇಲ್ಲಿರುವ ನಮಗೆ ನಿಜವಾಗಿ ಉಳಿಯುವುದು ಇದೊಂದೇ.

ಜೂನ್‌ನಲ್ಲೇ ತೆಗೆಯೋಣ ಎಂದು ಕೂತೆ. ಎರಡು ವೆಬ್‌ಸೈಟ್‌ಗಳಲ್ಲಿ ಮರುವರ್ಷದ ಮೇ ತಿಂಗಳ ದಿನಾಂಕವನ್ನು ಕ್ಯಾಲೆಂಡರ್ ಒಪ್ಪಲೇ ಇಲ್ಲ, ಪ್ರಯಾಣ ಆರು ತಿಂಗಳ ಒಳಗಿರಬೇಕಂತೆ. ಹಾಗಾದರೆ ಮೊದಲ ಐದಾರು ತಿಂಗಳಿಗೆ ಏನು ಗತಿ? ಅದಕ್ಕೆ ಉತ್ತರ ಇನ್ಶೂರೆನ್ಸ್‌ನಲ್ಲಿ ಸಿಗಲಿಲ್ಲ, ಹಡಗಿನ ಬುಕಿಂಗ್‌ನಲ್ಲೇ ಸಿಕ್ಕಿತು. ಅಡ್ವಾನ್ಸಿನಲ್ಲಿ ಎರಡು ಬಗೆ ಇತ್ತು: ವಾಪಸ್ ಬರುವಂಥದ್ದು, ಬಾರದಂಥದ್ದು. ಬಾರದಂಥದ್ದು ಕ್ಯಾಬಿನ್ನಿಗೆ ಸುಮಾರು ಹನ್ನೆರಡು ಸಾವಿರ ಅಗ್ಗ. ನಾವು ದುಬಾರಿಯದನ್ನೇ ಹಿಡಿದೆವು. ಪೂರ್ತಿ ಹಣ ಕಟ್ಟುವ ಗಡುವು ಹೊರಡುವ 90 ದಿನ ಮೊದಲು, ಅಂದರೆ ಫೆಬ್ರವರಿ ಕೊನೆ. ಅಲ್ಲಿಯವರೆಗೆ ರದ್ದು ಮಾಡಿದರೆ ಒಂದು ರೂಪಾಯಿಯೂ ಹೋಗುವುದಿಲ್ಲ. ಡಿಸೆಂಬರ್‌ನಲ್ಲಿ, ಪುತ್ತರಿ ಹಬ್ಬ ಮುಗಿದ ವಾರ, ಪಾಲಿಸಿ ತೆಗೆದೆವು. ಅದರ ಮಾರನೇ ದಿನ ವಿಮಾನದ ಟಿಕೆಟ್. ಈ ಕ್ರಮ ತಪ್ಪಬಾರದು: ಮೊದಲು ಪಾಲಿಸಿ, ಆಮೇಲೆ ವಾಪಸ್ ಬಾರದ ಖರ್ಚು. ಮೆಡಿಕಲ್ ರಕ್ಷಣೆ ದೇಶ ಬಿಟ್ಟಮೇಲೆ ಶುರುವಾದರೂ, ಪ್ರಯಾಣ ರದ್ದತಿಯ ರಕ್ಷಣೆ ಪಾಲಿಸಿ ತೆಗೆದ ದಿನದಿಂದಲೇ ಶುರು. ಒಂದೇ ಪ್ರೀಮಿಯಂಗೆ ಐದು ತಿಂಗಳು ಹೆಚ್ಚು ರಕ್ಷಣೆ ಸಿಕ್ಕ ಹಾಗೆ.

ಕೊನೆಗೆ ಎರಡು ಪಾಲಿಸಿ ಉಳಿದವು. ಇಬ್ಬರಿಗೂ ಸೇರಿ ಒಂದರ ಪ್ರೀಮಿಯಂ ₹11,900, ಇನ್ನೊಂದರದು ₹13,600. ಅಗ್ಗದ್ದರಲ್ಲಿ ಮೆಡಿಕಲ್ ಕವರ್ 5 ಲಕ್ಷ ಡಾಲರ್, ಪ್ರಯಾಣ ರದ್ದಾದರೆ ತಲಾ 500 ಡಾಲರ್. ದುಬಾರಿಯದರಲ್ಲಿ ಮೆಡಿಕಲ್ ಎರಡೂವರೆ ಲಕ್ಷ, ರದ್ದತಿಗೆ ತಲಾ 1,500. ಯಜಮಾನರು ಮೊದಲನೆಯದನ್ನೇ ಆರಿಸಿ ಹಣ ಕಟ್ಟಲು ಮೊಬೈಲ್ ಕೈಗೆತ್ತಿಕೊಂಡಿದ್ದರು. ನಾನು ತಡೆದು "ಹತ್ತಿರದ ಕುಟುಂಬದವರು" ಎಂಬುದರ ವಿವರಣೆ ತೆರೆದೆ. ಪ್ರಯಾಣಿಕರಿಗೆ ಅಥವಾ ಅವರ ಹತ್ತಿರದ ಕುಟುಂಬದವರಿಗೆ ಗಂಭೀರ ಕಾಯಿಲೆಯಾದರೆ ಮಾತ್ರ ರದ್ದತಿಯ ಹಣ. ಆ ಪಟ್ಟಿಯಲ್ಲಿ ಗಂಡ, ಹೆಂಡತಿ, ಮಕ್ಕಳು, ತಂದೆ, ತಾಯಿ ಇದ್ದರು. ಅತ್ತೆ, ಮಾವ ಇರಲಿಲ್ಲ. ಅಂದರೆ ಅತ್ತೆ ಮತ್ತೆ ಆಸ್ಪತ್ರೆ ಸೇರಿದರೆ ಮಗನಾದ ಇವರಿಗೆ ಹಣ ಬರುತ್ತದೆ, ದಿನರಾತ್ರಿ ಅವರ ಜೊತೆಗಿರುವ ನನಗೆ ಬರುವುದಿಲ್ಲ. ದುಬಾರಿ ಪಾಲಿಸಿಯ ಪಟ್ಟಿಯಲ್ಲಿ ಸಂಗಾತಿಯ ತಂದೆತಾಯಿಯೂ ಇದ್ದರು. ಅಲ್ಲಿಗೆ ತೀರ್ಮಾನವಾಯಿತು. ಒಂದೇ ಸೂರಿನಡಿ ಮೂರು ತಲೆಮಾರು ಬದುಕುವ ಮನೆಗಳಲ್ಲಿ ಈ ಒಂದು ವಾಕ್ಯದ ಬೆಲೆ ಲಕ್ಷ ಡಾಲರಿಗಿಂತ ಹೆಚ್ಚು.

ಕೊರತೆಯನ್ನೂ ಹೇಳಬೇಕು. ನಮ್ಮ ಒಟ್ಟು ಖರ್ಚು ಆರೂವರೆ ಲಕ್ಷದ ಹತ್ತಿರ, ರದ್ದತಿಗೆ ಇಬ್ಬರಿಗೂ ಸೇರಿ ಸಿಗುವುದು 3,000 ಡಾಲರ್, ಸುಮಾರು ಎರಡೂವರೆ ಲಕ್ಷ. ಪೂರ್ತಿ ತುಂಬುವುದಿಲ್ಲ. ಮನಸ್ಸು ಬದಲಾದರೆ, ತೋಟದ ಕೆಲಸಕ್ಕೆ ಆಳು ಸಿಗದೆ ಹೊರಡಲಾಗದಿದ್ದರೆ, ವೀಸಾ ಸಿಗದಿದ್ದರೆ ನಮ್ಮ ಪಾಲಿಸಿಯಲ್ಲಿ ಏನೂ ಇಲ್ಲ. ಅದಕ್ಕೇ ಅಮೆರಿಕ, ಕೆನಡಾ ಎರಡರ ವೀಸಾವೂ ಕೈಗೆ ಬರುವವರೆಗೆ ಟಿಕೆಟ್ ಕೊಂಡಿರಲಿಲ್ಲ. ಹಡಗು ನಿಲ್ಲಬೇಕಾದ ಒಂದು ಬಂದರಿನಲ್ಲಿ ನಿಲ್ಲದೆ ಮುಂದೆ ಹೋದರೆ ಇಷ್ಟು ಡಾಲರ್ ಎಂಬ ಕ್ರೂಸ್ ಸೌಲಭ್ಯವೂ ಜೊತೆಗಿತ್ತು. ಇದ್ದರೆ ಇರಲಿ, ಅದನ್ನು ನೋಡಿ ಪಾಲಿಸಿ ಆರಿಸುವಂತಿಲ್ಲ.

ಅತ್ತೆ ಗಟ್ಟಿಯಾಗಿದ್ದರು, ಹೊರಟೆವು. ಹಡಗಿನ ನಾಲ್ಕನೇ ದಿನ ಯಜಮಾನರಿಗೆ ಕೆಮ್ಮು ಹೆಚ್ಚಾಗಿ ರಾತ್ರಿಯೆಲ್ಲ ಉಸಿರು ಎಳೆಯುವುದೇ ಕಷ್ಟವಾಯಿತು. ಬೆಳಿಗ್ಗೆ ಕೆಳಗಿನ ಡೆಕ್ಕಿನ ಕ್ಲಿನಿಕ್ಕಿಗೆ ಕರೆದುಕೊಂಡು ಹೋದೆ. ಬೆರಳಿಗೆ ಕ್ಲಿಪ್ ಸಿಕ್ಕಿಸಿದ ನರ್ಸ್ ಅಂಕಿ ನೋಡಿ ಮಾತಾಡದೆ ಒಳಗೆ ಕರೆದೊಯ್ದರು. ಎಕ್ಸ್‌ರೇ, ನೆಬ್ಯುಲೈಸರ್, ಆಂಟಿಬಯಾಟಿಕ್. ಒಂದೂವರೆ ಗಂಟೆಯ ನಂತರ ಕ್ಯಾಬಿನ್ನಿನ ಬಾಗಿಲು ತೆರೆಯುವ ಅದೇ ಕಾರ್ಡನ್ನು ಯಂತ್ರದಲ್ಲಿ ಎಳೆದು 640 ಡಾಲರ್ ನಮ್ಮ ಖಾತೆಗೆ ಹಾಕಿದರು. ಹಡಗಿನಲ್ಲಿ ಕ್ಯಾಶ್‌ಲೆಸ್ ಇಲ್ಲ, ಕಟ್ಟಿ ಬರಬೇಕು, ಆಮೇಲೆ ಕೇಳಬೇಕು. ಇನ್ಶೂರೆನ್ಸ್‌ನವರ ಸಹಾಯವಾಣಿಗೆ ಅದೇ ದಿನ ತಿಳಿಸಿದೆ, ಆ ಫೋನಿನ ರೆಫರೆನ್ಸ್ ಸಂಖ್ಯೆಯನ್ನು ಮುಂದೆ ಎರಡು ಸಲ ಕೇಳಿದರು.

ಆ ಹೊತ್ತಿಗೆ ಹಡಗು ಜೂನೋದಲ್ಲಿ ನಿಂತಿತ್ತು. ಅಲಾಸ್ಕದ ರಾಜಧಾನಿ, ಆದರೆ ಹೊರಗಿನ ಊರಿಗೆ ಒಂದು ರಸ್ತೆಯೂ ಇಲ್ಲ. ಬರಬೇಕೆಂದರೂ ಹೋಗಬೇಕೆಂದರೂ ವಿಮಾನ ಇಲ್ಲವೇ ಹಡಗು. ಹೆಚ್ಚಾದರೆ ವಿಮಾನದಲ್ಲಿ ಸಿಯಾಟಲ್‌ಗೆ ಸಾಗಿಸಬೇಕಾದೀತು ಎಂದು ಡಾಕ್ಟರ್ ಹೇಳಿದಾಗ ನನಗೆ 2018ರ ಆಗಸ್ಟ್ ನೆನಪಾಯಿತು. ಸಂಪಾಜೆ ಕಡೆ ಗುಡ್ಡ ಕುಸಿದು, ಯಾವ ರಸ್ತೆ ಇದೆ, ಯಾವುದು ಇಲ್ಲ ಎಂದು ಫೋನಿನಲ್ಲಿ ವಿಚಾರಿಸುತ್ತ ಕೂತಿದ್ದ ದಿನಗಳು. ಎರಡೂವರೆ ಲಕ್ಷ ಡಾಲರಿನಲ್ಲಿ ರೋಗಿಯನ್ನು ವಿಮಾನದಲ್ಲಿ ಸಾಗಿಸುವ ಖರ್ಚೂ ಸೇರಿದೆಯೆಂದು ಓದಿಕೊಂಡಿದ್ದು ಆಗ ಧೈರ್ಯ ಕೊಟ್ಟಿತು. ಅಂಥ ಸ್ಥಿತಿ ಬರಲಿಲ್ಲ, ಎರಡು ದಿನದಲ್ಲಿ ಸುಧಾರಿಸಿದರು.

ಊರಿಗೆ ಬಂದು ಕ್ಲೈಮ್ ಹಾಕಿದೆ. ಬಿಲ್, ಡಾಕ್ಟರ್ ಚೀಟಿ, ಬೋರ್ಡಿಂಗ್ ಪಾಸ್, ಪಾಸ್‌ಪೋರ್ಟಿನ ಮುದ್ರೆಯ ಪುಟ, ಕ್ಯಾನ್ಸಲ್ ಮಾಡಿದ ಚೆಕ್. ಇವರಿಗೆ ಮೊದಲಿನಿಂದ ಆಸ್ತಮಾ ಇತ್ತೇ ಎಂದು ಪ್ರಶ್ನೆ ಬಂತು. ಬಿಪಿ, ಸಕ್ಕರೆ ಎರಡನ್ನೂ ಅರ್ಜಿಯಲ್ಲಿ ಮುಚ್ಚಿಡದೆ ಬರೆದಿದ್ದೆವು, ಆಸ್ತಮಾ ಇರಲಿಲ್ಲ ಎಂದು ಮನೆಯ ಡಾಕ್ಟರರಿಂದ ಪತ್ರ ಕಳಿಸಿದೆವು. ಏಳು ವಾರಕ್ಕೆ, ನಾವು ಭರಿಸಬೇಕಾದ ಮೊದಲ 100 ಡಾಲರ್ ಕಳೆದು, 540 ಡಾಲರಿನ ಲೆಕ್ಕದಲ್ಲಿ ₹46,000ದ ಹತ್ತಿರ ಖಾತೆಗೆ ಬಂತು. ಬರದಿದ್ದರೆ ಬೆಂಗಳೂರಿನಲ್ಲಿ ವಿಮಾ ಓಂಬುಡ್ಸ್‌ಮನ್ ಕಚೇರಿ ಇದೆ, ದೂರಿಗೆ ಶುಲ್ಕವಿಲ್ಲ. ಇಲ್ಲಿನ ಕಂಪನಿಯ ಪಾಲಿಸಿಗೆ ನಾನು ಹೆಚ್ಚು ಅಂಕ ಕೊಡಲು ಇದೂ ಒಂದು ಕಾರಣ.

ಕೊಡಗಿನವರು ಕೇಳಲೇಬೇಕಾದ ಇನ್ನೊಂದು ಪ್ರಶ್ನೆ ಉಳಿಯಿತು. ನಮ್ಮ ಜಿಲ್ಲೆಯಲ್ಲಿ ರೈಲಿಲ್ಲ, ಪ್ರಯಾಣಿಕರ ವಿಮಾನ ನಿಲ್ದಾಣವಿಲ್ಲ. ಕಣ್ಣೂರಿಗಾಗಲಿ ಬೆಂಗಳೂರಿಗಾಗಲಿ ರಸ್ತೆಯೇ ಗತಿ. ಮರ ಬಿದ್ದೋ ಗುಡ್ಡ ಜರಿದೋ ರಸ್ತೆ ಬಂದ್ ಆಗಿ ವಿಮಾನ ತಪ್ಪಿದರೆ? ಇಮೇಲ್ ಮಾಡಿ ಕೇಳಿದೆ. ಟಿಕೆಟ್ ಕೊಟ್ಟು ಓಡಿಸುವ ಸಾರ್ವಜನಿಕ ವಾಹನ ತಡವಾದರೆ ಮಾತ್ರ ಪರಿಹಾರ, ಸ್ವಂತ ಕಾರಿನಲ್ಲಿ ಬಂದು ಸಿಕ್ಕಿಕೊಂಡರೆ ಇಲ್ಲ ಎಂದು ಉತ್ತರ ಬಂತು. ಹಾಗಾಗಿ ಮೇ ತಿಂಗಳಾದರೂ ಜೀಪನ್ನು ಮನೆಯಲ್ಲೇ ಬಿಟ್ಟು, ವಿಮಾನಕ್ಕೆ ಒಂದು ದಿನ ಮೊದಲೇ ಮಡಿಕೇರಿಯಿಂದ ಕೆಎಸ್‌ಆರ್‌ಟಿಸಿ ಬಸ್ಸಿನಲ್ಲಿ ಬೆಂಗಳೂರಿಗೆ ಹೊರಟೆವು. ಹಡಗು ಹತ್ತುವ ಹಿಂದಿನ ದಿನವನ್ನೂ ವ್ಯಾಂಕೂವರ್‌ನಲ್ಲೇ ಕಳೆದೆವು, ಹಡಗು ಯಾರಿಗಾಗಿಯೂ ಕಾಯುವುದಿಲ್ಲವಲ್ಲ. ಆ ಬಸ್ ಟಿಕೆಟ್ಟನ್ನು ಪಾಲಿಸಿ, ಇಮೇಲಿನ ಉತ್ತರದ ಜೊತೆ ಒಂದೇ ಫೈಲಿನಲ್ಲಿ ಇಟ್ಟುಕೊಂಡಿದ್ದೆ. ಅತ್ತೆಯ ಡಿಸ್ಚಾರ್ಜ್ ಸಮ್ಮರಿಯ ಪ್ರತಿಯೂ ಅದರಲ್ಲೇ ಇತ್ತು.