ಆರ್ಮ್‌ಸ್ಟ್ರಾಂಗ್ ಅವರ ನಾಲ್ಕು ಸಿಡಿಗಳು: ಬ್ಯಾಂಡ್‌ನವನೊಬ್ಬನ ಅಭಿಪ್ರಾಯ

ಕೆಜಿಎಫ್‌ನ ರಾಬರ್ಟ್‌ಸನ್‌ಪೇಟೆಯಲ್ಲಿ ಮದುವೆಯ ಮೆರವಣಿಗೆಗಳಿಗೂ ಚರ್ಚಿನ ಹಬ್ಬಗಳಿಗೂ ಇಪ್ಪತ್ತು ವರ್ಷ ಟ್ರಂಪೆಟ್ ಊದಿದವನು ನಾನು. ಅಮೆರಿಕದ ಜಾಝ್ ಟ್ರಂಪೆಟ್ ವಾದಕ ಲೂಯಿ ಆರ್ಮ್‌ಸ್ಟ್ರಾಂಗ್ ಅವರು ಹಾಟ್ ಫೈವ್ ಮತ್ತು ಹಾಟ್ ಸೆವೆನ್ ಎಂಬ ತಮ್ಮ ತಂಡಗಳೊಂದಿಗೆ 1925ರಿಂದ 1928ರವರೆಗೆ ನುಡಿಸಿದ ಹಾಡುಗಳ ನಾಲ್ಕು ಸಿಡಿಗಳ ಪೆಟ್ಟಿಗೆಯನ್ನು ಕಳೆದ ವರ್ಷ ತರಿಸಿಕೊಂಡೆ. ಕೊಂಡವರು ಇದನ್ನು ಮೊದಲಿನಿಂದ ಕೊನೆಯವರೆಗೆ ಅನುಕ್ರಮವಾಗಿಯೇ ಕೇಳಬೇಕೆಂಬುದು ನನ್ನ ಸಲಹೆ.

ಏಕೆಂದರೆ ಮೊದಲ ಸಿಡಿಯಲ್ಲಿ ಕೇಳಿಸುವುದು ನಮ್ಮಂತಹ ಬೀದಿ ಬ್ಯಾಂಡಿನ ಸಂಗೀತ. 1901ರಲ್ಲಿ ನ್ಯೂ ಆರ್ಲಿಯನ್ಸ್‌ನ ಬಡತನದಲ್ಲಿ ಹುಟ್ಟಿದ ಆರ್ಮ್‌ಸ್ಟ್ರಾಂಗ್, ಹೊಸ ವರ್ಷದ ಹಿಂದಿನ ರಾತ್ರಿ ಬೀದಿಯಲ್ಲಿ ಪಿಸ್ತೂಲು ಹಾರಿಸಿದ್ದಕ್ಕಾಗಿ 1913ರಲ್ಲಿ ಬಾಲಮಂದಿರ ಸೇರಿ, ಅಲ್ಲಿನ ಬ್ಯಾಂಡಿನಲ್ಲಿ ಟ್ರಂಪೆಟ್ಟನ್ನೇ ಹೋಲುವ, ಅದಕ್ಕಿಂತ ಗಿಡ್ಡನೆಯ ಕಾರ್ನೆಟ್ ಹಿಡಿದವರು. ಆ ಊರಿನಲ್ಲಿ ಶವದ ಹಿಂದೆ ನಿಧಾನವಾದ ಪ್ರಾರ್ಥನಾಗೀತೆ ನುಡಿಸಿಕೊಂಡು ಹೋದ ಬ್ಯಾಂಡು, ಸ್ಮಶಾನದಿಂದ ಮರಳುವಾಗ ಕುಣಿತದ ಹಾಡು ಎತ್ತಿಕೊಳ್ಳುತ್ತಿತ್ತು. ಸಾವಿನ ಮೆರವಣಿಗೆಯ ತಮಟೆ ಕೇಳಿ ಬೆಳೆದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆರಂಭದ ಹಾಡುಗಳಲ್ಲಿ ಕಾರ್ನೆಟ್, ಕ್ಲಾರಿನೆಟ್, ಟ್ರೊಂಬೋನ್ ಮೂರೂ ಒಂದರೊಳಗೊಂದು ಹೆಣೆದುಕೊಂಡು ಸಾಗುತ್ತವೆ, ಡ್ರಮ್ ಇಲ್ಲವೇ ಇಲ್ಲ. ಮೈಕಿಲ್ಲದೆ ತುತ್ತೂರಿಯಂಥ ಕೊಳವೆಯ ಮುಂದೆ ನುಡಿಸಿ ಮುದ್ರಿಸಿದ್ದರಿಂದ ಧ್ವನಿ ತೆಳುವಾಗಿದೆ. ಇದು ಕಾಲದ ದೋಷವೇ ಹೊರತು ಸಿಡಿಯದಲ್ಲ.

1927ರ ಹಾಟ್ ಸೆವೆನ್ ಮುದ್ರಿಕೆಗಳಲ್ಲಿ ವಿದ್ಯುತ್ ಮೈಕು ಬಂದಿದೆ, ಟ್ಯೂಬಾ ಮತ್ತು ಡ್ರಮ್ ಸೇರಿವೆ, ಕಾರ್ನೆಟ್ಟಿನ ಜಾಗದಲ್ಲಿ ಟ್ರಂಪೆಟ್ ಇದೆ. ಅದಕ್ಕಿಂತ ದೊಡ್ಡ ಬದಲಾವಣೆಯೆಂದರೆ, ಗುಂಪಿನೊಳಗಿದ್ದ ವಾದಕ ಮುಂದೆ ಬಂದು ಒಬ್ಬರೇ ನಿಂತು ನುಡಿಸತೊಡಗಿದ್ದಾರೆ. 1922ರಲ್ಲಿ ಅವರನ್ನು ಷಿಕಾಗೋಗೆ ಕರೆಸಿಕೊಂಡ ಗುರು ಕಿಂಗ್ ಆಲಿವರ್ ಅವರ ತಂಡದಲ್ಲಿ ಆರ್ಮ್‌ಸ್ಟ್ರಾಂಗ್ ಎರಡನೆಯ ಕಾರ್ನೆಟ್ ವಾದಕರಾಗಿದ್ದರು. ಗುರುವಿನ ನೆರಳಿನಿಂದ ಹೊರಬರುವಂತೆ ಒತ್ತಾಯಿಸಿದವರು ಅದೇ ತಂಡದ ಪಿಯಾನೋ ವಾದಕಿ, ಆರ್ಮ್‌ಸ್ಟ್ರಾಂಗ್ ಅವರ ಪತ್ನಿ ಲಿಲ್ ಹಾರ್ಡಿನ್. ಆರಂಭದ ಹಾಟ್ ಫೈವ್‌ನ ಪಿಯಾನೋ ಅವರದೇ.

1928ರ ಜೂನ್ 28ರಂದು ಮುದ್ರಿಸಿದ ‘ವೆಸ್ಟ್ ಎಂಡ್ ಬ್ಲೂಸ್’ ಒಂದಕ್ಕಾಗಿಯೇ ಈ ಪೆಟ್ಟಿಗೆಯನ್ನು ಕೊಳ್ಳಬಹುದು. ಹಾಡು ಆ ಗುರು ಆಲಿವರ್ ಅವರದೇ ರಚನೆ. ಯಾವ ಪಕ್ಕವಾದ್ಯವೂ ಇಲ್ಲದೆ ಟ್ರಂಪೆಟ್ ಒಂದೇ ಎದ್ದು, ಏರಿ, ಇಳಿದು ಬರುವ ಅದರ ಆರಂಭ ನಮ್ಮ ನಾಗಸ್ವರ ವಿದ್ವಾಂಸರ ಆಲಾಪನೆಯನ್ನು ನೆನಪಿಸುತ್ತದೆ. ಕೊನೆಯ ಸುತ್ತಿನಲ್ಲಿ ಆರ್ಮ್‌ಸ್ಟ್ರಾಂಗ್ ಮೇಲಿನ ಸ್ವರವೊಂದನ್ನು ಅಲುಗದಂತೆ ಹಿಡಿದು ನಿಲ್ಲುತ್ತಾರೆ. ಊದಿದವರಿಗೆ ಮಾತ್ರ ಗೊತ್ತಿರುತ್ತದೆ, ಅಲ್ಲಿ ಸೋಲುವುದು ಉಸಿರಲ್ಲ, ತುಟಿ. ಮುಂದೆ ಇಂಥ ಸ್ವರಗಳಿಂದಲೇ ಅವರ ತುಟಿ ಮತ್ತೆ ಮತ್ತೆ ಗಾಯಗೊಂಡಿತು.

ಕೊರತೆಯೆಂದರೆ, ಜೊತೆಗಿರುವ ಪುಸ್ತಿಕೆಯ ಅಕ್ಷರ ತೀರಾ ಸಣ್ಣದು. 1947ರಲ್ಲಿ ಕಟ್ಟಿದ ಆಲ್ ಸ್ಟಾರ್ಸ್ ತಂಡವಾಗಲಿ, 1964ರಲ್ಲಿ ಅವರ ಹಾಡು ಬೀಟಲ್ಸ್ ತಂಡವನ್ನು ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯ ಮೊದಲ ಸ್ಥಾನದಿಂದ ಇಳಿಸಿದ್ದಾಗಲಿ ಈ ಸಿಡಿಗಳ ವ್ಯಾಪ್ತಿಗೆ ಬರುವುದಿಲ್ಲ; 1971ರವರೆಗಿನ ಆ ಬದುಕಿಗೆ ಬೇರೆ ಸಂಗ್ರಹ ಬೇಕು. ಕೊನೆಯ ಸಿಡಿ ಸದ್ಯ ನನ್ನ ಬಳಿ ಇಲ್ಲ. ನಮ್ಮ ಬ್ಯಾಂಡಿನ ಹುಡುಗರು ‘ವೆಸ್ಟ್ ಎಂಡ್ ಬ್ಲೂಸ್’ನ ಆ ಆರಂಭವನ್ನು ಕಲಿಯಬೇಕೆಂದು ಒಯ್ದವರು ಇನ್ನೂ ಹಿಂದಿರುಗಿಸಿಲ್ಲ, ನಾನೂ ಕೇಳಿಲ್ಲ.