ಅಪ್‌ವರ್ಕ್: ದುಡ್ಡು ಮೊದಲೇ ಕಟ್ಟಿಸುತ್ತದೆ, ಅದಕ್ಕೇ ಇಷ್ಟ

ನಾನು ಶಿವಮೊಗ್ಗದಲ್ಲಿ ಕೂತು ಇಂಗ್ಲಿಷ್‌ನಿಂದ ಕನ್ನಡಕ್ಕೆ ಅನುವಾದ ಮಾಡುತ್ತೇನೆ, ಸಬ್‌ಟೈಟಲ್ ಬರೆಯುತ್ತೇನೆ. ಅರ್ಧಕ್ಕಿಂತ ಜಾಸ್ತಿ ಕೆಲಸ ಬರೋದು ಅಪ್‌ವರ್ಕ್‌ನಿಂದ. ಅದು ನಮ್ಮಂಥ ಸ್ವಂತವಾಗಿ ದುಡಿಯುವವರಿಗೂ (ಫ್ರೀಲಾನ್ಸರ್) ಕೆಲಸ ಕೊಡುವವರಿಗೂ ನಂಟು ಹಾಕಿಸುವ ವೆಬ್‌ಸೈಟ್. ಈಲಾನ್ಸ್, ಓಡೆಸ್ಕ್ ಅಂತ ಎರಡು ಕಂಪನಿ ಇದ್ದವಲ್ಲ, ಅವು ಒಂದಾಗಿ 2015ರಲ್ಲಿ ಈ ಹೆಸರು ಇಟ್ಟುಕೊಂಡವು.

ಸ್ವಂತವಾಗಿ ದುಡಿಯುವವರಿಗೆ ಕೆಲಸ ಹುಡುಕೋದಕ್ಕಿಂತ ಕಷ್ಟ ದುಡ್ಡು ವಸೂಲಿ ಮಾಡೋದು. ಇಲ್ಲಿನ ಒಂದು ಸಂಸ್ಥೆಗೆ ದೊಡ್ಡ ಕೈಪಿಡಿ ಅನುವಾದ ಮಾಡಿ ಕೊಟ್ಟಿದ್ದೆ. ಫೋನ್ ಮಾಡಿದಾಗಲೆಲ್ಲ "ಬಿಲ್ಲು ಅಕೌಂಟ್ಸ್‌ಗೆ ಹೋಗಿದೆ ಮೇಡಂ" ಅನ್ನುವ ಉತ್ತರ. ಕೈಪಿಡಿ ಅಚ್ಚಾಗಿ ಹಂಚಿಯೂ ಆಯ್ತು, ನನ್ನ ದುಡ್ಡು ಮಾತ್ರ ಬರಲಿಲ್ಲ. ಅಪ್‌ವರ್ಕ್‌ನಲ್ಲಿ ಹೀಗಾಗುವುದು ಕಡಿಮೆ. ಒಟ್ಟು ಮೊತ್ತ ಮಾತಾಡಿಕೊಂಡ ಕೆಲಸವಾದರೆ ಅದನ್ನು ಮೈಲ್‌ಸ್ಟೋನ್ ಅಂತ ಕಂತು ಮಾಡುತ್ತಾರೆ, ಆ ಕಂತಿನ ಹಣವನ್ನು ಕ್ಲೈಂಟ್ ಮೊದಲೇ ಕಟ್ಟಿ ಎಸ್ಕ್ರೋದಲ್ಲಿ, ಅಂದರೆ ಕೆಲಸ ಮುಗಿಯುವ ತನಕ ಹಣ ಕಾಯ್ದಿಡುವ ಖಾತೆಯಲ್ಲಿ, ಇಡಬೇಕು. ಇಟ್ಟಿದ್ದಾರೋ ಇಲ್ಲವೋ ನಮಗೆ ಕಾಣುತ್ತದೆ. ಇಡುವ ತನಕ ನಾನು ಒಂದು ಸಾಲೂ ಮುಟ್ಟುವುದಿಲ್ಲ. ಕೆಲಸ ಒಪ್ಪಿಸಿದ ಮೇಲೆ ನೋಡಲು ಅವರಿಗೆ 14 ದಿನ ಇದೆ, ಅಷ್ಟರಲ್ಲಿ ಏನೂ ಹೇಳದೆ ಸುಮ್ನೆ ಇದ್ದರೆ ಹಣ ತಾನಾಗಿ ಬಿಡುಗಡೆ ಆಗುತ್ತದೆ. ತಿಂಗಳ ಸಂಬಳ ಇಲ್ಲದ ಮನೆಗೆ ಇದು ಎಷ್ಟು ದೊಡ್ಡ ಧೈರ್ಯ ಅಂತ ಅನುಭವಿಸಿದವರಿಗೇ ಗೊತ್ತು.

ಗಂಟೆ ಲೆಕ್ಕದ ಕೆಲಸ ನನಗೆ ಅಷ್ಟು ಹಿಡಿಸಲ್ಲ. ಅದರಲ್ಲಿ ಅಪ್‌ವರ್ಕ್‌ನ ಆಪ್ ಸುಮಾರು 10 ನಿಮಿಷಕ್ಕೊಂದು ಸಲ ನಮ್ಮ ಸ್ಕ್ರೀನ್‌ಶಾಟ್ ತೆಗೆಯುತ್ತದೆ. ಅನುವಾದದಲ್ಲಿ ಒಂದು ಪದಕ್ಕೆ ಸುಮ್ಮನೆ ಕೂತು ಯೋಚಿಸುವ ಹೊತ್ತೇ ಜಾಸ್ತಿ, ಅದು ಸ್ಕ್ರೀನಿನಲ್ಲಿ ಕಾಣಲ್ಲ ಅಲ್ವಾ?

ಕೆಲಸ ಕೊಡುವವರ ಕಡೆಯಿಂದಲೂ ನೋಡಿದ್ದೇನೆ. ನಮ್ಮ ಅಕ್ಕ ಸಾಗರದಲ್ಲಿ ಅಪ್ಪೆಮಿಡಿ ಉಪ್ಪಿನಕಾಯಿ ಮಾಡಿ ಮಾರುತ್ತಾಳೆ. ಅವಳ ವ್ಯಾಪಾರಕ್ಕೆ ಡಿಸೈನರ್ ಬೇಕಾಗಿದ್ದು ಬಾಟಲಿಯ ಲೇಬಲ್‌ಗೆ ಮಾತ್ರ. ಅದಕ್ಕಾಗಿ ಒಬ್ಬರನ್ನು ಸಂಬಳಕ್ಕೆ ಇಟ್ಟುಕೊಳ್ಳಲು ಆಗುತ್ತಾ? ಅಪ್‌ವರ್ಕ್‌ನಲ್ಲೇ ಇಬ್ಬರಿಗೆ ಚಿಕ್ಕ ಕೆಲಸ ಕೊಟ್ಟು, ಅದಕ್ಕೂ ದುಡ್ಡು ಕೊಟ್ಟು, ಚೆನ್ನಾಗಿ ಮಾಡಿದವರಿಗೆ ಪೂರ್ತಿ ಲೇಬಲ್ ಒಪ್ಪಿಸಿದಳು. ಆ ಡಿಸೈನರ್ ಮೊದಲೂ ತಿಂಡಿ ಪ್ಯಾಕೆಟ್‌ಗಳನ್ನು ಮಾಡಿದ್ದವರು. ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ನಂಬರ್, ನಿವ್ವಳ ತೂಕ, ತಯಾರಿಸಿದ ದಿನಾಂಕ ಎಲ್ಲಕ್ಕೂ ಕೇಳದೆಯೇ ಜಾಗ ಬಿಟ್ಟಿದ್ದರು. ಪಳಗಿದ ಕೈ ಬೇಕಾದಷ್ಟೇ ಹೊತ್ತಿಗೆ ಸಿಗುವುದು ಸಣ್ಣ ವ್ಯಾಪಾರಕ್ಕೆ ನಿಜವಾದ ಲಾಭ. ಬರೀ ಕಡಿಮೆ ರೇಟು ನೋಡಿ ಆರಿಸಿದರೆ ಅದು ಸಿಗಲ್ಲ.

ಇನ್ನು ಇಷ್ಟವಾಗದ್ದು. 2025ರ ಮೇ ತಿಂಗಳಿಂದ ಹೊಸ ಕಾಂಟ್ರಾಕ್ಟ್‌ಗಳಿಗೆ ಫ್ರೀಲಾನ್ಸರ್ ದುಡಿಮೆಯಿಂದ ಅಪ್‌ವರ್ಕ್ ಹಿಡಿಯುವ ಕಮಿಷನ್ 0ರಿಂದ 15%ವರೆಗೆ ಬದಲಾಗುತ್ತದೆ. ಮೊದಲು ಎಲ್ಲರಿಗೂ 10% ಇತ್ತು. ಅರ್ಜಿ ಹಾಕುವಾಗಲೇ ಎಷ್ಟು ಅಂತ ತೋರಿಸುತ್ತದೆ, ರೇಟು ಹೇಳುವಾಗ ಅದನ್ನೂ ಸೇರಿಸಿ ಹೇಳಿ. ಅರ್ಜಿ ಹಾಕಲು 'ಕನೆಕ್ಟ್ಸ್' ಅನ್ನುವ ಟೋಕನ್‌ಗಳು ಬೇಕು, ಒಂದಕ್ಕೆ 0.15 ಡಾಲರ್, ಒಂದು ಅರ್ಜಿಗೆ ಹಲವು ಹೋಗುತ್ತವೆ. ಕೆಲಸ ಸಿಗದಿದ್ದರೂ ಖರ್ಚು ನಮ್ಮದೇ. ಹೊಸಬರಿಗೆ ಇದು ಅನ್ಯಾಯ ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ಅದಕ್ಕೇ ಕಂಡ ಕಂಡ ಕೆಲಸಕ್ಕೆಲ್ಲ ಅರ್ಜಿ ಹಾಕಬೇಡಿ. ಕ್ಲೈಂಟ್ ಪೇಮೆಂಟ್ ವೆರಿಫೈ ಆಗಿದೆಯಾ, ಹಿಂದೆ ಎಷ್ಟು ಖರ್ಚು ಮಾಡಿದ್ದಾರೆ ನೋಡಿ. ಇನ್ನೊಂದು, ಇಲ್ಲಿ ಪರಿಚಯವಾದ ಕ್ಲೈಂಟ್ ಜೊತೆ 2 ವರ್ಷ ಹೊರಗೆ ವ್ಯವಹಾರ ಮಾಡುವ ಹಾಗಿಲ್ಲ, ಮಾಡಬೇಕಾದರೆ ಪ್ರತ್ಯೇಕ ಶುಲ್ಕ ಕಟ್ಟಬೇಕು. "ವಾಟ್ಸಾಪ್‌ಗೆ ಬನ್ನಿ, ಅಲ್ಲೇ ಪೇಮೆಂಟ್ ಮಾಡ್ತೀನಿ" ಅಂತ ಯಾರಾದರೂ ಮೊದಲ ಮೆಸೇಜಲ್ಲೇ ಕರೆದರೆ ಹೋಗಲೇಬೇಡಿ.

ವರ್ಷದ ವಹಿವಾಟು 20 ಲಕ್ಷ ರೂಪಾಯಿ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು. ಆಗ ವಿದೇಶಿ ಕ್ಲೈಂಟ್‌ಗಳ ಕೆಲಸಕ್ಕೆ ಎಲ್‌ಯುಟಿ ಅನ್ನುವ ಮುಚ್ಚಳಿಕೆ ಪತ್ರ ಸಲ್ಲಿಸಿದರೆ ತೆರಿಗೆ ಹಾಕದೆ ಬಿಲ್ ಮಾಡಬಹುದು. ಲೆಕ್ಕ ಪರಿಶೋಧಕರ ಹತ್ತಿರ ಹೋಗುವಾಗ ಬ್ಯಾಂಕಿಗೆ ಬಂದ ಹಣದ ದಾಖಲೆಗಳನ್ನೂ ತೆಗೆದುಕೊಂಡು ಹೋಗಿ, ಅವರು ಮೊದಲು ಕೇಳೋದೇ ಅದನ್ನು.