ಕಿಟ್‌ಫಾಕ್ಸ್‌ಗೆ ನೋಸ್‌ವೀಲ್ ತೆಗ್ದು ಟೈಲ್‌ವೀಲ್: ಯಾರು ಹಾಕ್ಬೇಕು, ಯಾರಿಗೆ ಬೇಡ

ಅಮೆರಿಕದಲ್ಲಿ ಕಿಟ್ ತಂದು ವಿಮಾನ ಕಟ್ಟೋ ನಮ್ಮೋರು ಈಗ ಒಬ್ಬೊಬ್ರಾಗಿ ಸಿಗ್ತಿದಾರೆ, ಅವ್ರಿಗೋಸ್ಕರ ಈ ರಿವ್ಯೂ. ನಂದು ಕಿಟ್‌ಫಾಕ್ಸ್ ಸೀರೀಸ್ 7, ಐಡಾಹೋದ ಹೋಮ್‌ಡೇಲ್‌ನಿಂದ ಬರೋ ಕಿಟ್, ಸ್ಟೀಲ್ ಪೈಪಿನ ಫ್ರೇಮ್, ಮೇಲೆ ಬಟ್ಟೆ, ಪಕ್ಕಪಕ್ಕ ಎರಡು ಸೀಟು.

ಮುಂದಿನ ಗಾಲಿ (ನೋಸ್‌ವೀಲ್) ಬಿಚ್ಚಿ ಬಾಲಕ್ಕೊಂದು (ಟೈಲ್‌ವೀಲ್) ಹಾಕಿದ್ರೆ ಮುಗೀತು ಅಂತ ಸುಮಾರು ಜನ ಅಂದ್ಕೊಂಡಿದಾರೆ, ಹಾಗಲ್ಲ. ಟ್ರೈಸೈಕಲ್ ಗೇರ್‌ನಲ್ಲಿ, ಅಂದ್ರೆ ನೋಸ್‌ವೀಲ್ ಇರೋ ಥರದಲ್ಲಿ, ಭಾರ ಹೊರೋ ಎರಡು ಮೇನ್ ಗಾಲಿಗಳು ವಿಮಾನದ ತೂಕದ ಕೇಂದ್ರಕ್ಕಿಂತ ಹಿಂದೆ ಇರ್ತವೆ, ಟೈಲ್‌ವೀಲ್‌ಗೆ ಅವು ಮುಂದೆ ಬರ್ಬೇಕು, ಅಂದ್ರೆ ಮೇನ್ ಗೇರನ್ನೇ ಜರುಗಿಸ್ಬೇಕು. ಕಿಟ್‌ಫಾಕ್ಸ್ ನಂಗೆ ಇಷ್ಟ ಆಗೋದೇ ಇಲ್ಲಿ, ಎರಡು ಥರಾನೂ ಕೂರಿಸೋಕೆ ಆಗೋ ಹಾಗೆ ಮೊದ್ಲೇ ಡಿಸೈನ್ ಮಾಡಿದಾರೆ. ಅದೇ ನೋಸ್‌ವೀಲ್ ಇರೋ ಇನ್ನೊಂದು ಕಿಟ್ ವಿಮಾನ ವ್ಯಾನ್ಸ್ ಆರ್‌ವಿ-9ಎ ತಗೊಳ್ಳಿ, ಅದರ ಟೈಲ್‌ವೀಲ್ ಮಾಡೆಲ್‌ನಲ್ಲಿ ಗೇರ್ ಕಾಲುಗಳು ಎಂಜಿನ್ ಮೌಂಟ್‌ಗೇ (ಎಂಜಿನ್ ಹಿಡಿದಿರೋ ಚೌಕಟ್ಟಿಗೇ) ಸೇರ್ಕೊಂಡಿರ್ತವೆ, ಆದ್ರಿಂದ ಬದಲಾಯಿಸ್ಬೇಕು ಅಂದ್ರೆ ಎಂಜಿನ್ ಇಳಿಸಿ ಮೌಂಟ್ ಸಮೇತ ಬದಲಾಯಿಸ್ಬೇಕು.

ಬೋಲ್ಟ್ ಕೆಲಸ ಮುಗಿದ್ಮೇಲೆ ಬಾಲ ಎತ್ತಿ ಲೆವೆಲ್‌ನಲ್ಲಿಟ್ಟು ಮೂರೂ ಗಾಲಿ ತೂಕ ಮಾಡಿ ವೇಟ್ ಅಂಡ್ ಬ್ಯಾಲೆನ್ಸ್ (ತೂಕ, ತೂಕದ ಕೇಂದ್ರದ ಲೆಕ್ಕ) ಹೊಸದಾಗಿ ಬರೀಬೇಕು, ಮೇನ್ ಗಾಲಿಗಳ ಅಲೈನ್‌ಮೆಂಟ್ ನೋಡ್ಬೇಕು, ಟೈಲ್‌ವೀಲ್ ಪಿವಟ್‌ನ ಓರೆ ಸರಿ ಇಲ್ದಿದ್ರೆ ಇಳಿಯೋವಾಗ ಗಡಗಡ ನಡುಗುತ್ತೆ, ಇದನ್ನ ದಯವಿಟ್ಟು ನಿರ್ಲಕ್ಷ್ಯ ಮಾಡ್ಬೇಡಿ. ಅಮೆರಿಕದ ವಿಮಾನಯಾನ ಇಲಾಖೆ ಎಫ್‌ಎಎ ಲೆಕ್ಕದಲ್ಲಿ ಇದು ಮೇಜರ್ ಚೇಂಜ್, ಅಂದ್ರೆ ದೊಡ್ಡ ಬದಲಾವಣೆ. ನಿಮ್ಮ ವಿಮಾನಕ್ಕೆ ಕೊಟ್ಟಿರೋ ನಿಯಮಗಳ ಪಟ್ಟಿ (ಆಪರೇಟಿಂಗ್ ಲಿಮಿಟೇಶನ್ಸ್) ಓದ್ಕೊಳ್ಳಿ, ಸಾಮಾನ್ಯವಾಗಿ ಕನಿಷ್ಠ 5 ಗಂಟೆ ಮತ್ತೆ ಟೆಸ್ಟ್ ಫ್ಲೈಯಿಂಗ್ ಮಾಡಿ ಲಾಗ್‌ಬುಕ್‌ನಲ್ಲಿ ಬರೀಬೇಕು.

ಇನ್ನು ಹಾರಿಸೋ ವಿಷಯ. ತೂಕ ಮೇನ್ ಗಾಲಿ ಹಿಂದೆ ಇರೋದ್ರಿಂದ ಬಾಲ ಯಾವಾಗ್ಲೂ ಮುಂದೆ ಬರೋಕೆ ನೋಡುತ್ತೆ, ತಳ್ಳೋಗಾಡಿನ ಹಿಂದುಮುಂದಾಗಿ ತಳ್ಳಿದಂಗೆ. ಸ್ವಲ್ಪ ಅಡ್ಡ ಹೋಯ್ತಾ, ಕಾಲು ತಕ್ಷಣ ರಡರ್ (ಬಾಲದ ಚುಕ್ಕಾಣಿ) ಪೆಡಲ್ ಮೇಲೆ ಕೆಲಸ ಮಾಡ್ಬೇಕು, ತಡ ಆದ್ರೆ ಗ್ರೌಂಡ್ ಲೂಪ್, ಅಂದ್ರೆ ವಿಮಾನ ನೆಲದ ಮೇಲೇ ಗಿರ್ರನೆ ತಿರುಗುತ್ತೆ, ರೆಕ್ಕೆ ತುದಿ ನೆಲಕ್ಕೆ ಬಡಿಯೋ ಚಾನ್ಸ್ ಜಾಸ್ತಿ. ಟ್ಯಾಕ್ಸಿ ಮಾಡೋವಾಗ ಮೂತಿ ಮೇಲೆ ಇರುತ್ತೆ, ಮುಂದೆ ಕಾಣೋದೂ ಕಮ್ಮಿ. ಅಮೆರಿಕದಲ್ಲಿ ಟೈಲ್‌ವೀಲ್ ಹಾರಿಸೋಕೆ ಎಂಡಾರ್ಸ್‌ಮೆಂಟ್ (ಕಲಿಸಿದ ಇನ್‌ಸ್ಟ್ರಕ್ಟರ್ ಬರ್ದು ಕೊಡೋ ಒಪ್ಪಿಗೆ) ಬೇಕೇಬೇಕು, 1991ರ ಏಪ್ರಿಲ್ 15ಕ್ಕಿಂತ ಮುಂಚೆ ಪೈಲಟ್ ಇನ್ ಕಮಾಂಡ್ (ವಿಮಾನದ ಹೊಣೆ ಹೊತ್ತ ಪೈಲಟ್) ಆಗಿ ಟೈಲ್‌ವೀಲ್ ಹಾರಿಸಿದೋರಿಗೆ ಮಾತ್ರ ವಿನಾಯಿತಿ. ಬೆಂಗಳೂರಲ್ಲಿ ಎಚ್‌ಎಎಲ್ ಮಾಡಿದ ಪುಷ್ಪಕ್ ಕೂಡ ಟೈಲ್‌ವೀಲೇ, ನಮ್ಮ ಫ್ಲೈಯಿಂಗ್ ಕ್ಲಬ್‌ಗಳಲ್ಲಿ ಆಗಿನೋರು ಕಾಲು ಪಳಗಿಸಿಕೊಂಡಿದ್ದು ಅದ್ರಲ್ಲೇ, ನೆನೆಸ್ಕೊಂಡ್ರೆ ಹೆಮ್ಮೆ ಆಗುತ್ತೆ.

ಲಾಭ ಏನಪ್ಪಾ ಅಂದ್ರೆ ಕಲ್ಲು, ಗುಂಡಿ ಇರೋ ಜಾಗದಲ್ಲಿ ಮುರಿಯೋಕೆ ನೋಸ್‌ವೀಲೇ ಇಲ್ಲ, ಪ್ರೊಪೆಲರ್ ನೆಲದಿಂದ ಎತ್ತರದಲ್ಲಿರುತ್ತೆ, ದೊಡ್ಡ ಟೈರ್ ಹಾಕ್ಬಹುದು. ಆದ್ರೆ ಬರೀ ಐಡಾಹೋದ ಜಾನ್ಸನ್ ಕ್ರೀಕ್ ಥರದ ಒಳ್ಳೆ ಹುಲ್ಲಿನ ರನ್‌ವೇಗೆ ಹೋಗೋರಾದ್ರೆ ಖಂಡಿತ ಬೇಡ, ಅಲ್ಲಿಗೆ ಟ್ರೈಸೈಕಲ್ ಗೇರ್ ವಿಮಾನಗಳು ಆರಾಮಾಗಿ ಬಂದು ಹೋಗ್ತವೆ. ಒರಟು ಜಾಗಗಳಿಗೇ ಹೋಗೋರಿಗೆ ನನ್ನ ಕಡೆಯಿಂದ 5ಕ್ಕೆ 5. ಪಾರ್ಟ್ಸ್ ಆರ್ಡರ್ ಮಾಡೋ ಮುಂಚೆ ಇನ್ಶೂರೆನ್ಸ್‌ನೋರಿಗೆ ಫೋನ್ ಮಾಡಿ, ಎಷ್ಟು ಗಂಟೆ ಟೈಲ್‌ವೀಲ್ ಅನುಭವ ಕೇಳ್ತಾರೆ, ಪ್ರೀಮಿಯಂ ಎಷ್ಟು ಏರುತ್ತೆ ಅಂತ ತಿಳ್ಕೊಳ್ಳಿ.